ಪಿಳ್ಳಪ್ಪನ ಗೂಡಿನ ಮೇಲೆ ನಾನು ಕಂಡ ಕಲೆ

ತಪ್ಪು ನನ್ನದೇ. ಮೊದಲೇ ಹೇಳಿಬಿಡುತ್ತೇನೆ; ಆಮೇಲೆ ನೀವು ಕಂಡುಹಿಡಿದು ಬೈಯುವ ಕಷ್ಟ ಬೇಡ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ, ತುಂಬಿದ ಜನರೆದುರು, ಒಬ್ಬ ರೈತನ ಒಳ್ಳೆಯ ರೇಷ್ಮೆಗೂಡನ್ನು ಕಲೆಗೂಡು ಎಂದು ಕೂಗಿದವನು ನಾನು. ಸುಮ್ಮನೆಯೂ ಕೂಗಲಿಲ್ಲ. ಆ ರೈತನದೇ ದನಿಯಲ್ಲಿ, ಅವನ ಹಾಗೆಯೇ ಮೂಗಿನಿಂದ ಎಳೆದು, ಅವನ ಹಾಗೆಯೇ ಹೆಗಲಿನ ಟವೆಲ್ ಒದರಿ ಕೂಗಿದೆ. ಜನ ಬಿದ್ದು ಬಿದ್ದು ನಕ್ಕರು. ಗೂಡಿನ ಮೇಲೆ ಕಲೆಯೇ ಇರಲಿಲ್ಲ. ಅದು ಇದ್ದದ್ದು ನನ್ನ ಎಡಗಣ್ಣಿನೊಳಗೆ. ಆಮೇಲೆ ಕಣ್ಣು ಪರೀಕ್ಷೆಗೆ ಕಳಿಸಿದರೆ ಅಲ್ಲೂ ಮೋಸ ಮಾಡಿ ಪಾಸಾಗಿ ಬಂದೆ. ಹೀಗೆ ನನ್ನ ಕಾಯಿಲೆಯನ್ನು ನಾನೇ ಮುಚ್ಚಿಟ್ಟು ಸಾಕಿದೆ. ಹುಳು ಸಾಕುವವರೂ ಅಷ್ಟು ಜೋಪಾನವಾಗಿ ಸಾಕುವುದಿಲ್ಲ.

ನನ್ನ ಹೆಸರು ಅನ್ವರ್. ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ, ನನಗೆ ಇಪ್ಪತ್ತೊಂದು. ಅಬ್ಬಾ ಹೋದ ಮೇಲೆ ಅಮ್ಮಿ ಮತ್ತು ನಾನು ಶಿಡ್ಲಘಟ್ಟದಲ್ಲಿ ಮಾಮೂ ಮನೆಯಲ್ಲಿದ್ದೆವು. ಮಾಮೂ ಎಂದರೆ ಅಮ್ಮಿಯ ಅಣ್ಣ. ಮನೆಯ ಹಿಂದೆ ಅವರ ಶೆಡ್ಡು: ಸಾಲಾಗಿ ಬಿಸಿನೀರಿನ ತೊಟ್ಟಿಗಳು, ಅವುಗಳಲ್ಲಿ ಬೇಯುವ ಗೂಡು, ಗೂಡಿನಿಂದ ನೂಲೆಳೆ ಬಿಚ್ಚುವ ಹೆಂಗಸರು. ಮಾಮೂಗೆ ಮಂಡಿನೋವು. ಆದ್ದರಿಂದ ಬೆಳಿಗ್ಗೆ ಮಾರುಕಟ್ಟೆಗೆ ಹೋಗಿ ಗೂಡು ನೋಡಿ ಆರಿಸುವ ಕೆಲಸ ನನ್ನದಾಗಿತ್ತು. ಕಣ್ಣಿನ ಕೆಲಸ. ಒಂದು ಹಿಡಿ ಗೂಡು ಬೆಳಕಿಗೆ ಹಿಡಿದರೆ ಯಾವುದು ತೆಳು, ಯಾವುದು ಎರಡು ಹುಳು ಸೇರಿ ಕಟ್ಟಿದ ಜೋಡಿ, ಯಾವುದಕ್ಕೆ ಒಳಗಿನ ಹುಳು ಸತ್ತು ಕಲೆ ಹತ್ತಿದೆ ಎಂದು ಹೇಳಿಬಿಡುತ್ತಿದ್ದೆ. ಮಾಮೂ ಎದುರಿಗೆ ಹೊಗಳುತ್ತಿರಲಿಲ್ಲ. ಬೇರೆಯವರ ಹತ್ತಿರ "ನಮ್ ಹುಡುಗನ್ ಕಣ್ಣು ಸೂಜಿ" ಅನ್ನುತ್ತಿದ್ದರಂತೆ.

ಇನ್ನೊಂದು ಕೆಲಸ ಯಾರೂ ಕೊಟ್ಟದ್ದಲ್ಲ, ನಾನೇ ವಹಿಸಿಕೊಂಡದ್ದು: ಊರಿನವರ ದನಿ ತೆಗೆಯುವುದು. ಮಾಮೂವಿನ ಕೆಮ್ಮು, ಹರಾಜಿನ ಸಾಹೇಬರ ಗದರಿಕೆ, ಕನ್ನಡದಲ್ಲಿ ಟಿಕೆಟ್ ಕೇಳಿ ತೆಲುಗಿನಲ್ಲಿ ಬೈದು ಉರ್ದುವಿನಲ್ಲಿ ಚಿಲ್ಲರೆ ಇಲ್ಲ ಅನ್ನುವ ಚಿಂತಾಮಣಿ ಬಸ್ಸಿನ ಕಂಡಕ್ಟರು, ಎಲ್ಲರೂ ನನ್ನ ಗಂಟಲಿನಲ್ಲಿ ಬಾಡಿಗೆಗಿದ್ದರು. ಸ್ವಂತದ ದನಿ ಯಾವುದು ಎಂದು ಕೇಳಿದರೆ ನನಗೇ ಹುಡುಕಬೇಕಾಗುತ್ತಿತ್ತು.

ಮೊದಲು ಕಂಡದ್ದು ಒಂದು ಎಳೆ. ಎಡಗಣ್ಣಿನ ಮುಂದೆ ಕಪ್ಪನೆಯ ಎಳೆಯೊಂದು ತೇಲಿತು. ರೇಷ್ಮೆ ಶೆಡ್ಡಿನಲ್ಲಿ ಕಣ್ಣಿಗೆ ಎಳೆ ಬಿತ್ತು ಎಂದು ಯಾರು ಹೆದರುತ್ತಾರೆ? ತಣ್ಣೀರು ಎರಚಿಕೊಂಡೆ. ಹೋಗಲಿಲ್ಲ. ವಾರ ಕಳೆಯುವುದರೊಳಗೆ ಎಳೆಯ ಜೊತೆಗೆ ಮಸಿಯ ಚುಕ್ಕೆಗಳೂ ಬಂದವು. ನೋವಿಲ್ಲ, ಉರಿಯಿಲ್ಲ. ಸುಣ್ಣದ ಗೋಡೆಯ ಮೇಲೂ ಅದೇ ಚುಕ್ಕೆ, ಅನ್ನದ ತಟ್ಟೆಯಲ್ಲೂ ಅದೇ ಚುಕ್ಕೆ. ನನಗೆ ಅನುಮಾನವೇ ಬಂದಿರಲಿಲ್ಲ ಅಂದರೆ ಸುಳ್ಳು. ಆದರೆ ಕಣ್ಣಿನಿಂದ ಅನ್ನ ತಿನ್ನುವವನು ಕಣ್ಣು ಕೆಟ್ಟಿದೆ ಎಂದು ಯಾವ ಬಾಯಿಂದ ಹೇಳುತ್ತಾನೆ? ನನ್ನ ಬಳಿ ಅಷ್ಟೊಂದು ಬಾಯಿಗಳಿದ್ದವು. ಅದಕ್ಕೆ ಒಂದೂ ಒದಗಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಮಾರುಕಟ್ಟೆಯಲ್ಲಿ ಪಿಳ್ಳಪ್ಪ ಗೂಡು ಹರಡಿದ್ದ ಜಾಲರಿ ತಟ್ಟೆಯ ಮುಂದೆ ನಿಂತೆ. ಪಿಳ್ಳಪ್ಪ ಕೆಂಚಾರ್ಲಹಳ್ಳಿಯ ರೈತ, ಅರವತ್ತರ ಹತ್ತಿರದವನು. ಅವನೂ ಅವನ ಹೆಂಡತಿಯೂ ಸಾಕಿದ ಹುಳುವಿನ ಗೂಡನ್ನು ಮಾಮೂ ಎಷ್ಟೋ ವರ್ಷದಿಂದ ಕೊಳ್ಳುತ್ತಿದ್ದರು. ಜಾಲರಿಯ ತುಂಬ ಅರಿಶಿನ ಬಣ್ಣದ ಗೂಡು ಹರಡಿತ್ತು. ಒಂದು ಹಿಡಿ ಎತ್ತಿದೆ. ಕಪ್ಪು ಕಲೆ. ಕೆಳಗಿಟ್ಟು ಇನ್ನೊಂದು ಹಿಡಿ ಎತ್ತಿದೆ. ಅದರಲ್ಲೂ ಕಲೆ.

"ಈ ಸಲ ಕಲೆ ಜಾಸ್ತಿ. ಬೇಡ," ಅಂದೆ.

"ಕಲೆಯಾ? ನನ್ ಗೂಡಾಗಾ? ಎಲ್ಲೈತಯ್ಯ ಅನ್ವರು, ಬೆಟ್ಟು ಮಡಗಿ ತೋರ್ಸು."

ಬೆರಳಿಟ್ಟು ತೋರಿಸಿದೆ. ಅವನು ಆ ಗೂಡನ್ನು ಇಸಕೊಂಡು, ಕಣ್ಣಿನ ಹತ್ತಿರ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದ. "ಅಯ್ಯೋ ದೇವುಡಾ! ನಮ್ಮೋಳು ಕೂಸಿನ್ ತರ ಸಾಕವ್ಳೆ ಕಣಯ್ಯ. ಇದ್ರಾಗ್ ಎಲ್ಲೈತೆ ಕಲೆ? ನಿನ್ ಕಣ್ಣಾಗೇ ಏನೋ ಬಿದ್ದೈತೆ. ಹೋಗ್ ತೋರ್ಸ್ಕೋ!"

ಸುತ್ತ ನಿಂತಿದ್ದವರು ನನ್ನ ಮುಖ ನೋಡಿದರು. ಅವನು ಬೈಗುಳ ಅಂದುಕೊಂಡು ಆಡಿದ ಮಾತು ನನ್ನ ಕಾಯಿಲೆಗೆ ಸಿಕ್ಕ ಮೊದಲ ರೋಗನಿರ್ಣಯ. ಮುಂದೆ ದೊಡ್ಡ ಆಸ್ಪತ್ರೆಯವರು ಹೇಳಿದ್ದೂ ಅದನ್ನೇ. ಹೆದರಿದಾಗ ನಾನು ಮಾಡುವುದು ಒಂದೇ. ಹೆಗಲ ಮೇಲಿನ ಟವೆಲ್ ಒದರಿ, ಮೂಗಿನಲ್ಲಿ ಎಳೆದು ಶುರು ಮಾಡಿದೆ: "ಅಯ್ಯೋ ದೇವುಡಾ! ನನ್ ಗೂಡು ಬಂಗಾರ ಕಣಯ್ಯ! ಕಲೆ ಇದ್ರೂ ಅದು ಬಂಗಾರದ್ ಕಲೆ!"

ನಗು ಮಾರುಕಟ್ಟೆಯ ಉದ್ದಕ್ಕೂ ಹೋಯಿತು. ನಗುವಿನ ಜೊತೆಗೆ ಕಲೆ ಅನ್ನುವ ಮಾತೂ ಹೋಯಿತು. ಆಮೇಲೆ ಪಿಳ್ಳಪ್ಪನ ಜಾಲರಿಯ ಮುಂದೆ ಹರಾಜಿನ ಕೂಗು ಏಳಲೇ ಇಲ್ಲ. ಗೂಡು ವಾಪಸ್ ಒಯ್ದು ಕಾಯುವ ಹಾಗೂ ಇಲ್ಲ. ದಿನ ಹೋದರೆ ಒಳಗಿನ ಹುಳು ಚಿಟ್ಟೆಯಾಗಿ ಗೂಡು ಕೊರೆದುಬಿಡುತ್ತದೆ. ಎಲ್ಲರ ಜಾಲರಿ ಖಾಲಿಯಾದ ಮೇಲೆ ಯಾರೋ ಬಂದು ಕೇಳಿದಷ್ಟಕ್ಕೆ ಅವನು ಕೊಟ್ಟು ಹೋದ. ಹೋಗುವಾಗ ನನ್ನನ್ನು ನೋಡಲಿಲ್ಲ.

ಸುದ್ದಿ ಮಾಮೂಗೆ ಮುಟ್ಟಿತು. ಮನೆಯಲ್ಲಿ ನಾವಾಡುವುದು ಉರ್ದು. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. "ಪಿಳ್ಳಪ್ಪ ಕಲೆಗೂಡು ತರೋನಲ್ಲ. ನಿನ್ ಕಣ್ಣು ಸರಿ ಇದೆಯಾ?" ಎಂದರು. "ಸೂಜಿ," ಅಂದೆ. "ಚಿಂತಾಮಣಿ ಸ್ಕೂಲಲ್ಲಿ ಕಣ್ಣಿನ ಕ್ಯಾಂಪ್ ಇದೆ. ಹೋಗ್ಬಾ."

ಹೋದೆ. ಕ್ಯಾಂಪಿನಲ್ಲಿ ಗೋಡೆಗೆ ಅಕ್ಷರದ ಬೋರ್ಡು ತೂಗುಹಾಕಿ, ಒಂದೊಂದೇ ಕಣ್ಣು ಮುಚ್ಚಿಸಿ ಓದಿಸುತ್ತಿದ್ದರು. ನನ್ನ ಮುಂದೆ ನಾಲ್ಕು ಜನ ಗಟ್ಟಿಯಾಗಿ ಓದಿದರು. ನಾಲ್ಕು ಸಲ ಕೇಳಿದ ಮೇಲೆ ನನಗೆ ಬೋರ್ಡು ಯಾಕೆ ಬೇಕು? ಬಲಗಣ್ಣು ಮುಚ್ಚಿಕೊಂಡು, ಎಡಗಣ್ಣಿನ ಮಸಿ ಚುಕ್ಕೆಗಳ ಕಡೆಗೆ ಮುಖ ಮಾಡಿ, ಮೇಲಿನಿಂದ ಕೆಳಗಿನವರೆಗೆ ಒಪ್ಪಿಸಿಬಿಟ್ಟೆ. ನನ್ನ ಮುಂದಿದ್ದ ಮೇಷ್ಟ್ರೊಬ್ಬರು ಕೊನೆಯ ಸಾಲಿನ ಒಂದು ಅಕ್ಷರಕ್ಕೆ ತಡವರಿಸಿದ್ದರು. ನಂಬಿಕೆ ಬರಲಿ ಎಂದು ನಾನೂ ಅಲ್ಲೇ ತಡವರಿಸಿದೆ. "ದೃಷ್ಟಿ ಸರಿ ಇದೆ" ಎಂದು ಚೀಟಿ ಬರೆದುಕೊಟ್ಟರು. ಅವರನ್ನು ದೂರುವ ಹಾಗಿಲ್ಲ. ಮುದುಕರ ಪೊರೆ ನೋಡಲು ಬಂದವರಿಗೆ ಹೀಗೊಬ್ಬ ಪಾತ್ರಧಾರಿ ಬರುತ್ತಾನೆ ಎಂದು ಹೇಗೆ ಗೊತ್ತಾಗಬೇಕು?

ಮಾಮೂ ಆ ಚೀಟಿಯನ್ನು ಮಡಚಿ ಜುಬ್ಬದ ಜೇಬಿನಲ್ಲಿಟ್ಟುಕೊಂಡರು. ಮಾರುಕಟ್ಟೆಯಲ್ಲಿ ಎಲ್ಲರಿಗೂ ತೋರಿಸಿದರು. ಚೀಟಿ ನಿಜವಾದರೆ ಪಿಳ್ಳಪ್ಪ ಸುಳ್ಳನಾಗಬೇಕಲ್ಲ, ಆದ. ಅವನು ಶಿಡ್ಲಘಟ್ಟಕ್ಕೆ ಬರುವುದನ್ನೇ ಬಿಟ್ಟು, ಗೂಡನ್ನು ಚಿಂತಾಮಣಿಗೆ ಹಾಕತೊಡಗಿದ.

ಮೂರು ವಾರದ ಮೇಲೆ ಶೆಡ್ಡಿನಲ್ಲಿ ಒಂದು ಮಂಕರಿ ಗೂಡು ಎತ್ತಲು ಬಗ್ಗಿದೆ. ತೊಟ್ಟಿಯ ತಿಳಿನೀರಿನಲ್ಲಿ ಬೆಂದ ಹುಳು ಒಡೆದರೆ ಕಂದು ರಸ ಹೇಗೆ ಮೆಲ್ಲಗೆ ಹರಡುತ್ತದೋ ಹಾಗೆ, ಎಡಗಣ್ಣಿನ ಕೆಳಗಿನಿಂದ ಕೆಂಪಗೆ ಏನೋ ಎದ್ದು ಹರಡಿತು. ನೋಡನೋಡುತ್ತಿದ್ದಂತೆ ಕಣ್ಣು ತುಂಬಿ ಮುಚ್ಚಿಹೋಯಿತು.

"ಮಾಮೂ, ಕಾಣಿಸ್ತಿಲ್ಲ! ಮಾಮೂ!"

ನೂಲು ಬಿಚ್ಚುತ್ತಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ಅವರಲ್ಲೊಬ್ಬಳು ಕೈ ನಿಲ್ಲಿಸದೆಯೇ ಕೇಳಿದಳು: "ಇದ್ಯಾರ್ ದನಿ ಅನ್ವರಣ್ಣ? ಹೊಸ್ದಾಗಿದೆ!"

ಅದು ನನ್ನದೇ ದನಿ. ಅಲ್ಲಿ ಯಾರೂ ಅದನ್ನು ಕೇಳಿರಲಿಲ್ಲ.

ಆಸರೆಗೆ ಕೈ ಚಾಚಿದೆ. ಅಂದಾಜು ತಪ್ಪಿ ಕೈ ಬಿಸಿನೀರಿನ ತೊಟ್ಟಿಯೊಳಕ್ಕೆ ಹೋಯಿತು. ಆಗಲೂ ನಾನು ಯಾರ ಹಾಗೂ ಕಿರುಚದಿದ್ದಾಗ ಇದು ನಾಟಕವಲ್ಲ ಎಂದು ಅವರಿಗೆ ಗೊತ್ತಾಯಿತು.

ಚಿಕ್ಕಬಳ್ಳಾಪುರದ ಕಣ್ಣಿನ ಡಾಕ್ಟರು ದೀಪ ಬಿಟ್ಟು ನೋಡಿ, "ಒಳಗೆ ರಕ್ತ ತುಂಬಿದೆ, ಹಿಂದಿನ ಪರದೆಯೇ ಕಾಣ್ತಿಲ್ಲ. ಬೆಂಗಳೂರಿಗೆ ಹೋಗಿ, ತಡ ಮಾಡ್ಬೇಡಿ," ಎಂದರು. ಅಮ್ಮಿ ಅಷ್ಟರಲ್ಲಿ ತನ್ನದೇ ಕಾರಣ ಕಂಡುಕೊಂಡಿದ್ದಳು. ಸಂತೆಯ ಕುರುಡು ಫಕೀರನ ಹಾಗೆ ನಾನು ಒಮ್ಮೆ ನಡೆದು ತೋರಿಸಿದ್ದೆ, ಅದರದೇ ಶಾಪ. ನನಗೆ ತಾಯಿತ ಕಟ್ಟಿದಳು, ಇನ್ನು ಯಾರ ದನಿಯೂ ತೆಗೆಯಕೂಡದು ಎಂದಳು, ಆ ಫಕೀರನನ್ನು ಹುಡುಕಿ ಹೊಟ್ಟೆ ತುಂಬ ಊಟ ಹಾಕಿದಳು. ಅವನು ಉಂಡು, "ನನ್ನ ಹಾಗೆ ಯಾರು ನಡೆದರೂ ನನಗೇನು ಕಾಣುತ್ತೆ ತಾಯಿ?" ಎಂದು ಹರಸಿ ಹೋದನಂತೆ.

ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ರೋಗಿಗಳು ಕಾಯುವ ಕೋಣೆ ನನಗೆ ನೆನಪಿರುವುದು ಕಿವಿಯಿಂದ. ಎಲ್ಲರ ಕಣ್ಣಿಗೂ ಪಾಪೆ ಅಗಲಿಸುವ ಹನಿ ಹಾಕಿ ಬೆಂಚಿನಲ್ಲಿ ಕೂರಿಸಿದ್ದರು. ಗಡಿಯಾರ ಇತ್ತು, ಅದನ್ನು ಓದಬಲ್ಲವರು ಯಾರೂ ಇರಲಿಲ್ಲ. ಪಕ್ಕದಲ್ಲಿ ಗೌರಿಬಿದನೂರಿನ ಅಜ್ಜಿಯೊಬ್ಬರು. "ಯಾರಪ್ಪ ನೀನು? ನಿನ್ ಉಸ್ರು ಭಾಳ ಬಿರುಸಾಗೈತೆ," ಅಂದರು. ಹೆದರಿಕೆ ಅಂದೆ. "ನಂಗೂ. ಹಿಡ್ಕೋ," ಎಂದು ಸೀರೆಯ ಸೆರಗಿನ ತುದಿ ನನ್ನ ಕೈಗಿಟ್ಟರು. ಅವರ ಹೆಸರು ಕೂಗುವವರೆಗೆ ಹಿಡಿದುಕೊಂಡೇ ಇದ್ದೆ. ಅವರ ಮುಖ ಹೇಗಿತ್ತೋ ನನಗೆ ಗೊತ್ತಿಲ್ಲ.

ನನ್ನನ್ನು ನೋಡಿದ್ದು ನಡುವಯಸ್ಸಿನ ಡಾಕ್ಟರಮ್ಮ. ಮಾಮೂ ಜೇಬಿನಿಂದ ಚೀಟಿ ತೆಗೆದು ಹೆಮ್ಮೆಯಿಂದ ಮೇಜಿನ ಮೇಲಿಟ್ಟರು. "ನೋಡಿ ಮೇಡಂ, ಕ್ಯಾಂಪಲ್ಲಿ ತೋರ್ಸಿದ್ವಿ. ಆಗ ಪೂರ್ತಿ ಸರಿ ಇತ್ತು."

ಡಾಕ್ಟರಮ್ಮ ಚೀಟಿ ಓದಿದರು. "ಚುಕ್ಕೆ, ಎಳೆ ಏನಾದ್ರೂ ಕಾಣ್ತಿತ್ತಾ ಮುಂಚೆ?"

"ಹೂಂ."

"ಯಾವಾಗಿಂದ?"

"ಕ್ಯಾಂಪಿಗೂ ಮುಂಚಿಂದ."

"ಮತ್ತೆ ಓದಿದ್ ಹೇಗೆ?"

"ಓದ್ಲಿಲ್ಲ ಮೇಡಂ. ಕೇಳಿ ಒಪ್ಪಿಸ್ದೆ."

ಮಾಮೂ ಆ ಚೀಟಿಯನ್ನು ಮೊದಲಿನ ಮಡಿಕೆಗಳ ಮೇಲೆಯೇ ನಿಧಾನವಾಗಿ ಮಡಚಿ ಮತ್ತೆ ಜೇಬಿಗಿಟ್ಟುಕೊಂಡರು. ಹರಿದು ಹಾಕಿದ್ದರೆ, ನನ್ನ ಕೆನ್ನೆಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಅವರು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಎಡಗಣ್ಣಿನ ರಕ್ತ ಇಳಿಯುವವರೆಗೆ ಕಾಯಬೇಕು, ಈಗ ಬಲಗಣ್ಣಿನ ಪಟ ತೆಗೆಯಬೇಕು ಎಂದರು ಡಾಕ್ಟರಮ್ಮ. "ಬಲಗಣ್ಣು ಚೆನ್ನಾಗಿದೆ ಮೇಡಂ," ಅಂದೆ. "ಅದನ್ನ ನಿನ್ ಬಾಯಿ ಹೇಳೋದ್ ಬೇಡ. ನಮ್ಮ ಗುರುಗಳ ಕಾಲದಲ್ಲಿ ಕಣ್ಣೊಳಗೆ ದೀಪ ಬಿಟ್ಟು ನೋಡಿ, ಕೆಂಪು ನೀಲಿ ಪೆನ್ಸಿಲಲ್ಲಿ ನರದ ಚಿತ್ರ ಬರೀತಿದ್ರು. ಕಂಡಷ್ಟನ್ನೇ ಬರೆಯೋಕಾಗೋದು. ಈಗ ಬಂದಿರೋ ಕ್ಯಾಮೆರಾ ನಮಗೆ ಕಾಣದ್ದನ್ನೂ ಹಿಡಿಯುತ್ತೆ."

ಎರಡು ದಿನದ ಮೇಲೆ ಸರದಿ ಬಂತು. ಕತ್ತಲೆ ಕೋಣೆ. ಗದ್ದ ಒಂದು ಬಟ್ಟಲಿನಲ್ಲಿ, ಹಣೆ ಒಂದು ಪಟ್ಟಿಗೆ. ಸುಟ್ಟಿರದ ಕೈಯ ನರಕ್ಕೆ ಹಳದಿ ಬಣ್ಣದ ಔಷಧಿ ಚುಚ್ಚಿದರು. "ರೆಪ್ಪೆ ಬಡೀಬೇಡಪ್ಪ, ಬಣ್ಣ ಕಣ್ಣಿಗೆ ಹತ್ತೋದ್ ಕ್ಷಣದ ಮಾತು, ತಪ್ಪಿದ್ರೆ ತಪ್ತು," ಅಂದ ಕ್ಯಾಮೆರಾದವನು. ಆಮೇಲೆ ನೀಲಿ ಮಿಂಚು. ಒಂದರ ಹಿಂದೆ ಒಂದು, ಒಂದರ ಹಿಂದೆ ಒಂದು. ಹೊಟ್ಟೆ ತೊಳಸಿ ಬಾಯಿಗೆ ಬಂತು. ಕಣ್ಣೀರು ಕೆನ್ನೆಯಿಂದ ಇಳಿದು ಬಟ್ಟಲಿಗೆ ಬೀಳುತ್ತಿತ್ತು. ಮಿಂಚಿಗೋ ದುಃಖಕ್ಕೋ ಎಂದು ಯಾರೂ ಕೇಳಲಿಲ್ಲ, ಅದೊಂದು ಉಪಕಾರ.

ಹೊರಗೆ ಬಂದಾಗ ಮೈಯೆಲ್ಲ ಹಳದಿ. ಉಗುರಿನ ಬುಡ ಹಳದಿ, ಉಚ್ಚೆ ಹೊಳೆಯುವ ಹಳದಿ. ನಾಳೆಗೆ ಹೋಗುತ್ತೆ ಎಂದು ಮೊದಲೇ ಹೇಳಿದ್ದರು. ಬೆಂಚಿನ ಮೇಲೆ ಕೂತಿದ್ದ ಮಾಮೂ ತಲೆಯೆತ್ತಿ ಕಾಲಿಂದ ತಲೆಯವರೆಗೆ ನೋಡಿದರು. ಎರಡು ದಿನದ ಮೇಲೆ ಮೊದಲ ಮಾತು:

"ಒಳ್ಳೆ ಗೂಡಿನ್ ಬಣ್ಣ ಬಂದಿದೆ. ಜಾಲರಿಗೆ ಹಾಕಿದ್ರೆ ಯಾರಾದ್ರೂ ಕೂಗ್ತಾರೆ."

ನಾನು ಅವರ ಮಂಡಿಗೆ ತಲೆಯಿಟ್ಟು ಅತ್ತೆ. ನೋವಿರುವ ಮಂಡಿ. ಆದರೂ ಸರಿಸಲಿಲ್ಲ.

ಫಿಲ್ಮು ತೊಳೆದು ಒಣಗಲು ಒಂದು ದಿನ. ಆ ಒಂದು ದಿನ ಬಲಗಣ್ಣಿನಿಂದ ಏನೇನು ನೋಡಬೇಕೋ ನೋಡಿದೆ: ನಾವು ಉಳಿದಿದ್ದ ಛತ್ರದ ಕಿಟಕಿ, ಮಾಮೂ ಚಪ್ಪಲಿಯ ಸವೆದ ಅಂಗುಷ್ಠ, ಬನ್ನಿನ ಮೇಲಿನ ಸಕ್ಕರೆ. ಮರುದಿನ ಡಾಕ್ಟರಮ್ಮ ಫಿಲ್ಮಿನ ಪಟ್ಟಿಯನ್ನು ಬೆಳಕಿನ ಪೆಟ್ಟಿಗೆಯ ಮೇಲೆ ಹರಡಿದರು. ಕಪ್ಪು ಬಯಲಿನಲ್ಲಿ ಬೆಳ್ಳಗೆ ಟಿಸಿಲೊಡೆದ ರಕ್ತನಾಳಗಳ ಗಿಡ. ನನ್ನ ಕಣ್ಣಿನೊಳಗೆ ಅಷ್ಟು ಚೆಂದದ್ದು ಏನಾದರೂ ಇರಬಹುದು ಎಂದು ನಾನು ಎಣಿಸಿರಲಿಲ್ಲ. ಒಂದು ಪಟದಿಂದ ಇನ್ನೊಂದು ಪಟಕ್ಕೆ ಬಣ್ಣ ಕೊಂಬೆ ಕೊಂಬೆ ಹತ್ತುತ್ತ ಹೋಗಿತ್ತು. ಆದರೆ ಅಂಚಿನಲ್ಲಿ, ಎಳೆಗಳು ತೆಳುವಾಗುವ ಕಡೆ, ಅವು ಸಿಕ್ಕು ಸಿಕ್ಕಾಗಿದ್ದವು. ಆ ಸಿಕ್ಕಿನ ಸುತ್ತ ಬಿಳಿಯ ಮಬ್ಬು. ಪಟದಿಂದ ಪಟಕ್ಕೆ ದೊಡ್ಡದಾಗುವ ಮಬ್ಬು.

"ಇಲ್ಲಿ ಸೋರ್ತಿದೆ. ಇಲ್ಲೂ. ಇಲ್ಲೂ," ಎಂದರು.

"ಇದು ಬಲಗಣ್ಣಲ್ವಾ ಮೇಡಂ? ಇದ್ರಲ್ಲಿ ನಂಗೇನೂ ಕಾಣ್ತಿಲ್ಲ. ನಿಜವಾಗ್ಲೂ."

"ಗೊತ್ತು. ಇನ್ನೂ ಒಡೆದಿಲ್ಲ. ಒಡೆದ್ರೆ ಎಡಗಣ್ಣಿಗೆ ಆಗಿದ್ದೇ ಇದಕ್ಕೂ. ಯಾವತ್ತು ಅಂತ ಹೇಳೋಕಾಗಲ್ಲ. ಅಷ್ಟರೊಳಗೆ ಲೇಸರ್ ಬಿಟ್ಟು ಮುಚ್ಚಣ."

ಯಾಕೆ ಬಂತು ಎಂದು ಕೇಳಿದೆ. ನಿನ್ನ ವಯಸ್ಸಿನ ಹುಡುಗರಿಗೆ ಬರುತ್ತದೆ, ಕಾರಣ ಪೂರ್ತಿ ಗೊತ್ತಿಲ್ಲ ಎಂದರು. ಗೊತ್ತಿಲ್ಲ ಅನ್ನುವುದನ್ನು ಅಷ್ಟು ನೇರವಾಗಿ ಹೇಳಿದವರನ್ನು ನಾನು ಅದೇ ಮೊದಲು ನೋಡಿದ್ದು. ಬೋರ್ಡಿಗೆ ಸುಳ್ಳು ಹೇಳಬಹುದು, ಮಾಮೂಗೆ ಹೇಳಬಹುದು, ಇಡೀ ಮಾರುಕಟ್ಟೆಗೆ ಹೇಳಿ ನಗಿಸಬಹುದು. ಆ ಪಟ ನನ್ನನ್ನು ಏನನ್ನೂ ಕೇಳಿಯೇ ಇರಲಿಲ್ಲ.

ಲೇಸರ್ ಹಲವು ಸಲ ಆಯಿತು. ಪ್ರತಿ ಸಲ ಹಸಿರು ಮಿಂಚು, ಕೆಲವು ಸಲ ಕಣ್ಣಿನ ಹಿಂದೆ ಸೂಜಿ ಚುಚ್ಚಿದ ಹಾಗೆ. ಮನೆಯಲ್ಲಿ ಭಾರ ಎತ್ತುವಂತಿಲ್ಲ, ಬಗ್ಗುವಂತಿಲ್ಲ. ಕಣ್ಣಿನ ರಕ್ತ ಕೆಳಗೆ ಇಳಿಯಲೆಂದು ದಿಂಬುಗಳಿಗೆ ಒರಗಿಯೇ ಇರಬೇಕು. ನಾನು ಮಾತು ನಿಲ್ಲಿಸಿದ್ದೆ. ಯಾರ ದನಿಯೂ ಬರುತ್ತಿರಲಿಲ್ಲ. ಫಕೀರನ ಶಾಪ ಎಂದು ನನ್ನ ಬಾಯಿ ಕಟ್ಟಿದ್ದ ಅಮ್ಮಿಯೇ ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತ ಅಂದಳು: "ನಿನ್ ಮಾಮೂ ಹಾಗೆ ಒಂದ್ಸಲ ಕೆಮ್ಮೋ. ಮನೇಲಿ ಯಾರೋ ಇದಾರೆ ಅನ್ನಿಸ್ಲಿ." ಕೆಮ್ಮಿದೆ. ಶೆಡ್ಡಿನಿಂದ ಮಾಮೂ "ಕೆಮ್ಮಿದ್ದು ಯಾರು?" ಎಂದು ಬಂದರು. ಅಮ್ಮಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಒಂದು ಕಣ್ಣಿಗೆ ಅಷ್ಟು ಸೂಕ್ಷ್ಮ ಕಾಣುತ್ತಿರಲಿಲ್ಲ.

ತಿಂಗಳುಗಳ ಮೇಲೆ ಎಡಗಣ್ಣಿನ ಕೆಂಪು ಕಂದಾಯಿತು, ಕಂದು ಮಂಜಾಯಿತು. ಅದಕ್ಕೂ ಪಟ, ಅದಕ್ಕೂ ಲೇಸರ್. ಕೊನೆಗೆ ಡಾಕ್ಟರಮ್ಮ ನನ್ನನ್ನು ಬೋರ್ಡಿನ ಮುಂದೆ ನಿಲ್ಲಿಸಿದರು. ಬಲಗಣ್ಣು ಕೊನೆಯ ಸಾಲಿನವರೆಗೆ ಓದಿತು. ಎಡಗಣ್ಣು ಮೂರನೆಯ ಸಾಲಿಗೆ ನಿಂತಿತು. "ಮುಂದೆ?" ಎಂದರು. "ಮುಂದಿನ್ದು ಬಾಯಿಗೆ ಬರುತ್ತೆ ಮೇಡಂ, ಕಣ್ಣಿಗೆ ಬರಲ್ಲ," ಅಂದೆ. ಅವರು ಮೂರು ಎಂದು ಬರೆದುಕೊಂಡರು. ಮತ್ತೆ ಬರಬಹುದು, ವರ್ಷಕ್ಕೆರಡು ಸಲ ಬಂದು ಪಟ ತೆಗೆಸು ಎಂದರು. ಐದು ವರ್ಷವಾಯಿತು, ಹೋಗುತ್ತಿದ್ದೇನೆ. ಪ್ರತಿ ಸಲವೂ ಆ ಫಿಲ್ಮು ಒಣಗುವ ದಿನ ಉದ್ದವಾಗಿರುತ್ತದೆ. ಆ ಬೆಂಚಿನಲ್ಲಿ ನೀವು ಕೂತಿದ್ದರೆ, ಪಕ್ಕದಲ್ಲಿ ಬಿರುಸಾಗಿ ಉಸಿರಾಡುವವನು ನಾನೇ ಇರಬಹುದು. ನನ್ನ ಅಂಗಿಯ ತುದಿ ಹಿಡಿದುಕೊಳ್ಳಿ.

ಒಂದು ಲೆಕ್ಕ ಮಾತ್ರ ಆಸ್ಪತ್ರೆಯಲ್ಲಿ ಮುಗಿಯುವಂಥದ್ದಲ್ಲ. ಎಡಗಣ್ಣು ತಿಳಿಯಾದ ವರ್ಷವೇ, ಮಾಮೂ ನನ್ನನ್ನು ಮತ್ತೆ ಗೂಡು ಆರಿಸಲು ಕಳಿಸುವ ಮೊದಲು ಕೆಂಚಾರ್ಲಹಳ್ಳಿಗೆ ಹೇಳಿಕಳಿಸಿದರು: ಅನ್ವರ್ ಎಲ್ಲರೆದುರು ಆಡಬೇಕಾದ ಮಾತಿದೆ, ಈ ಬೆಳೆಯ ಗೂಡನ್ನು ಶಿಡ್ಲಘಟ್ಟಕ್ಕೇ ತಾ. ಪಿಳ್ಳಪ್ಪ ಬರುತ್ತಾನೆಂದು ನನಗೆ ನಂಬಿಕೆ ಇರಲಿಲ್ಲ. ಬಂದಿದ್ದ. ಅದೇ ಟವೆಲ್, ಅದೇ ಅರಿಶಿನ ಬಣ್ಣದ ಗೂಡು. ನನ್ನನ್ನು ಕಂಡ ಜನ ಸುತ್ತ ಸೇರಿದರು. ಹಿಂದಿನಿಂದ ಯಾರೋ, "ಲೋ ಅನ್ವರ್, ಪಿಳ್ಳಪ್ಪನ್ ದನಿ ತೆಗಿಯೋ! ಕೇಳಿ ಭಾಳ ದಿನ ಆಯ್ತು!" ಎಂದರು.

"ಪಿಳ್ಳಪ್ಪಣ್ಣ," ಅಂದೆ. ನನ್ನ ದನಿ ನನಗೇ ತೆಳ್ಳಗೆ ಕೇಳಿಸಿತು. "ಆವತ್ತು ನಿಮ್ ಗೂಡಲ್ಲಿ ಕಲೆ ಇರ್ಲಿಲ್ಲ. ಕಲೆ ನನ್ ಕಣ್ಣಲ್ಲಿತ್ತು. ಗೊತ್ತಿದ್ದೂ ಸುಳ್ ಹೇಳ್ದೆ. ಚೀಟಿನೂ ಸುಳ್ಳು."

ನಾಟಕವೆಂದು ತಿಳಿದು ಒಬ್ಬಿಬ್ಬರು ನಕ್ಕರು, ಆಮೇಲೆ ನಿಲ್ಲಿಸಿದರು. ಪಿಳ್ಳಪ್ಪ ನನ್ನ ಮುಖ ನೋಡಲಿಲ್ಲ. ಜಾಲರಿಯೊಳಕ್ಕೆ ಎರಡೂ ಕೈ ಹಾಕಿ ಬೊಗಸೆ ತುಂಬ ಗೂಡು ತೆಗೆದು ನನ್ನ ಬೊಗಸೆಗೆ ಸುರಿದ.

"ಮಾತು ಅಂಗಿರ್ಲಿ. ಇದನ್ ನೋಡಿ ಹೇಳು."

ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದೆ. ಚೊಕ್ಕ. ಚೊಕ್ಕ. ಏಳನೆಯದೋ ಎಂಟನೆಯದೋ ಗೂಡಿನ ತಳದಲ್ಲಿ ಸಾಸಿವೆಯಷ್ಟು ಕಂದು ಕಲೆ. ಎಡಗಣ್ಣು ಮುಚ್ಚಿ ನೋಡಿದೆ. ಕಣ್ಣುಗುಡ್ಡೆಯನ್ನು ಆ ಕಡೆ ಈ ಕಡೆ ಆಡಿಸಿದೆ; ಕಣ್ಣೊಳಗಿನ ಕಲೆಯಾದರೆ ಕಣ್ಣಿನ ಜೊತೆ ಓಡುತ್ತದೆ, ಅಷ್ಟನ್ನು ಕಾಯಿಲೆ ನನಗೆ ಕಲಿಸಿತ್ತು. ಇದು ಓಡಲಿಲ್ಲ. ಗೂಡಿನ ಮೇಲೆಯೇ ಕೂತಿತ್ತು. ಈಗಷ್ಟೇ ಕ್ಷಮೆ ಕೇಳಿದ ಮನುಷ್ಯನಿಗೆ, ಅದೇ ಜಾಗದಲ್ಲಿ, ಅದೇ ಜನರೆದುರು, ಅದೇ ಮಾತನ್ನು ಮತ್ತೆ ಹೇಳುವುದು ಹೇಗೆ? ಎಲ್ಲ ಚೊಕ್ಕ ಇದೆ ಎಂದು ಬೊಗಸೆ ವಾಪಸ್ ಸುರಿದರೆ ಎಲ್ಲರಿಗೂ ಸುಖ. ಕ್ಯಾಂಪಿನಲ್ಲೂ ಹೀಗೆಯೇ ಎಲ್ಲರಿಗೂ ಸುಖವಾಗಿತ್ತು.

"ಪಿಳ್ಳಪ್ಪಣ್ಣ," ಅಂದೆ, "ಇದೊಂದಕ್ಕೆ ಕಲೆ ಇದೆ."

ಪಿಳ್ಳಪ್ಪ ಆ ಗೂಡನ್ನು ಇಸಕೊಂಡ, ತಿರುಗಿಸಿ ನೋಡಿದ, ಟವೆಲಿನ ತುದಿಗೆ ಹಾಕಿ ಗಂಟು ಕಟ್ಟಿದ. ಆಮೇಲೆ ಮೊದಲ ಸಲ ನನ್ನ ಕಣ್ಣನ್ನೇ ನೋಡುತ್ತ ಅಂದ:

"ಐತೆ. ನಾನೇ ಪಕ್ಕದೋರ್ ಜಾಲರಿಯಿಂದ ತಂದು ಮಡಗಿದ್ದು. ನಿಂಗೆ ಕಣ್ಣು ವಾಪಸ್ ಬಂದೈತೋ, ಬರೀ ಬಾಯಿ ವಾಪಸ್ ಬಂದೈತೋ ನೋಡಣ ಅಂತ."